ಕೊಟ್ಟವರ ಹೆಸರು

ತಾನು ಹೆಣೆದ ಬಲೆಗೆ ತಾನೇ ಬಿದ್ದವನ ಕಥೆ ಕೇಳಿದರೆ ಜನ ನಗುತ್ತಾರೆ. ನಾನು ಹೆಣೆದ ಬಲೆಗೆ ಬಿದ್ದವಳು ಪಕ್ಕದ ಮನೆಯ ಹೆಂಗಸು. ಆದ್ದರಿಂದ ಇದರಲ್ಲಿ ನಗುವಂಥದ್ದು ಹೆಚ್ಚೇನೂ ಇಲ್ಲ. ಇದನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಈ ಊರಿನಲ್ಲಿ ಕನ್ನಡ ಓದಬಲ್ಲವರು ಈಗ ಹತ್ತು ಮಂದಿ. ಹೇಳಬೇಕಾದ ಜಾಗದಲ್ಲಿ ಬಾಯಿ ಮುಚ್ಚಿಕೊಂಡಿದ್ದು, ಯಾರೂ ಓದದ ಜಾಗದಲ್ಲಿ ಬರೆಯುವುದೂ ಒಂದು ಬಗೆಯ ಹೇಡಿತನವೇ ಎಂದು ನನಗೆ ಗೊತ್ತು.

ಊರೆಂದರೆ ಚಂದ್ರನ ನೆಲದ ಕೆಳಗಿನ ಒಂದು ಉದ್ದನೆಯ ಸುರಂಗ. ಯಾವ ಕಾಲದಲ್ಲೋ ಕರಗಿದ ಕಲ್ಲು ಹರಿದುಹೋಗಿ ಉಳಿದ ಟೊಳ್ಳು. ಕಾಗದದ ಮೇಲೆ ಅದಕ್ಕೊಂದು ಸಂಖ್ಯೆಯಿದೆ. ನಾವು ಕನ್ನಡದವರು ಗವಿಯೂರು ಎನ್ನುತ್ತೇವೆ. ನಾನೂರು ಜನ, ಹದಿನಾರು ಮನೆಮಾತು. ನೆಲೆ ಶುರುವಾದ ಮೊದಲ ವರ್ಷವೇ ಒಂದು ಗಾಳಿ ಸಿಲಿಂಡರಿಗಾಗಿ ಇಬ್ಬರು ಕಿತ್ತಾಡಿದರು. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ‘ನನ್ನದು’ ಎಂದರು. ಅವರ ನ್ಯಾಯ ತೀರುವಷ್ಟರಲ್ಲಿ, ಆ ಸಿಲಿಂಡರು ನಿಜವಾಗಿ ಬೇಕಾಗಿದ್ದ ಮೂರನೆಯವನು ಹೊರಗೆ ಉಸಿರುಗಟ್ಟಿ ಸತ್ತಿದ್ದ. ಆಮೇಲೆ ದೊಡ್ಡವರು ಕೂತು ತೀರ್ಮಾನಿಸಿದರು: ಮುಂದಿನ ತಂಡಕ್ಕೆ ಹೊಸ ಭಾಷೆಯೊಂದನ್ನು ಕಲಿಸಿಯೇ ಕಳಿಸಬೇಕು, ಅದರಲ್ಲಿ ‘ನನ್ನದು’ ಎಂಬ ಬೋಳು ಮಾತು ಇರಕೂಡದು.

ಆ ಭಾಷೆ ಕಟ್ಟಲು ಆರು ಜನರ ಸಮಿತಿಯಾಯಿತು. ಆರರಲ್ಲಿ ಒಬ್ಬ ನಾನು, ರಾಚಪ್ಪ ತೋರಗಲ್ಲ. ಅದಕ್ಕೆ ಮೊದಲು ಗದಗಿನ ಒಂದು ಕಾಲೇಜಿನಲ್ಲಿ ಭಾಷಾವಿಜ್ಞಾನ ಕಲಿಸುತ್ತಿದ್ದೆ. ಕೇಳುವವರು ನಾಲ್ಕು ಹುಡುಗರು, ಅವರಲ್ಲಿ ಇಬ್ಬರು ನಿದ್ದೆ ಹೊಡೆಯುವವರು. ಸಮಿತಿಯಲ್ಲಿ ನನ್ನ ಪಾಲಿಗೆ ಬಂದದ್ದು ಒಡೆತನದ ಅಧ್ಯಾಯ.

ಕೂಡುನುಡಿ ಎಂದು ನಾವು ಕರೆಯುವ ಆ ಭಾಷೆಯಲ್ಲಿ ವಸ್ತುವಿನ ಹೆಸರಿಗೆ ನಾಲ್ಕು ಬಾಲಗಳಲ್ಲಿ ಒಂದನ್ನು ಹಚ್ಚದೆ ಅದು ಯಾರದೆಂದು ಹೇಳಲಾಗದು. ಹುಟ್ಟಿನಿಂದ ಬಂದದ್ದಕ್ಕೆ, ಎಂದರೆ ಕೈಕಾಲು, ತಾಯಿತಂದೆ, ಇಂಥವಕ್ಕೆ ‘ಓ’. ಕೈಯಾರೆ ಮಾಡಿದ್ದಕ್ಕೆ ‘ತಾ’. ಊರಿನದಾಗಿದ್ದು ಸದ್ಯ ನನ್ನ ವಶದಲ್ಲಿರುವುದಕ್ಕೆ ‘ಮೊ’. ಇನ್ನೊಬ್ಬರಿಂದ ಬಂದದ್ದಕ್ಕೆ ‘ಪು’. ಆ ‘ಪು’ ಹಚ್ಚಿದ ಮೇಲೆ ಕೊಟ್ಟವರ ಹೆಸರು ಹೇಳಲೇಬೇಕು, ಇಲ್ಲದಿದ್ದರೆ ವಾಕ್ಯ ಮುಗಿಯುವುದಿಲ್ಲ. ಊರಿನ ಬಾಗಿಲು, ಕಪಾಟು, ಸಾಮಾನಿನ ಪೆಟ್ಟಿಗೆಗಳಿಗೆಲ್ಲ ಕಿವಿಯಿದೆ. ವಾಕ್ಯ ಮುಗಿಯದಿದ್ದರೆ ಅವು ತೆರೆಯುವುದಿಲ್ಲ. ಇನ್ನೊಂದು ಕಟ್ಟುನಿಟ್ಟು: ಒಬ್ಬರು ಒಂದು ಬಾಲ ಹಚ್ಚಿ ಮಾತಾಡಿದ ಮೇಲೆ ಅದನ್ನು ಬೇರೆ ಯಾರೂ ಸುಳ್ಳೆನ್ನಬಾರದು. ಸುಳ್ಳೆಂದದ್ದರಿಂದಲೇ ಅಲ್ಲವೇ ಒಂದು ಜೀವ ಹೋದದ್ದು.

ನಾನು ಅತ್ಯಂತ ಹೆಮ್ಮೆಪಟ್ಟುಕೊಂಡ ನಿಯಮ ಬೇರೆ. ಕೂಡುನುಡಿಯಲ್ಲಿ ‘ನಾನು ಕೊಟ್ಟೆ’ ಎಂದು ಹೇಳಲು ದಾರಿಯೇ ಇಲ್ಲ. ಕೊಟ್ಟವರ ಹೆಸರು ಪಡೆದವರ ಬಾಯಿಂದಷ್ಟೇ ಬರಬೇಕು. ಇದನ್ನು ಸಮಿತಿಗೆ ಒಪ್ಪಿಸಲು ನಮ್ಮೂರಿನ ಸಮುದಾಯ ಭವನದ ಕಥೆ ಹೇಳಿದ್ದೆ. ಅಲ್ಲಿ ಟ್ಯೂಬ್‌ಲೈಟಿನ ಮೈತುಂಬ ದಾನಿಗಳ ಹೆಸರು, ಬೆಳಕಿಗೇ ಜಾಗವಿಲ್ಲ. ಒಂದು ಫ್ಯಾನಿನ ಮೂರು ರೆಕ್ಕೆಗೆ ಮೂವರು ಅಣ್ಣತಮ್ಮಂದಿರ ಹೆಸರು. ತಿರುಗಿದರೆ ಓದಲಾಗುವುದಿಲ್ಲವೆಂದು ಅದನ್ನು ಹಾಕುತ್ತಲೇ ಇರಲಿಲ್ಲ. ಸಮಿತಿ ಬಿದ್ದು ಬಿದ್ದು ನಕ್ಕಿತು, ನಿಯಮ ಪಾಸಾಯಿತು. ಜೀವವಿರುವ ವಸ್ತುಗಳ ಮಾತು ಬಂದಾಗ ನಾನೇ ಹೆಪ್ಪಿನ ಉದಾಹರಣೆ ಕೊಟ್ಟೆ. ಹೆಪ್ಪು ಕೊಟ್ಟವರ ಹೆಸರು, ಅದರಿಂದಾದ ಮೊಸರಿಗೂ, ಆ ಮೊಸರಿನ ಮೊಸರಿಗೂ ಹೋಗಬೇಕು ಎಂದೆ. ಅದನ್ನೂ ಒಪ್ಪಿದರು. ಪಡೆದವನು ಬಾಯಿ ಬಿಡದಿದ್ದರೆ ಕೊಟ್ಟವರ ಗತಿ ಏನು ಎಂದು ಒಬ್ಬರೂ ಕೇಳಲಿಲ್ಲ. ನನಗೂ ಹೊಳೆಯಲಿಲ್ಲ.

ನಾನೂ ನನ್ನ ಹೆಂಡತಿ ನೀಲಾಂಬಿಕಾಳೂ ಗವಿಯೂರಿಗೆ ಬಂದು, ಇದೆಲ್ಲ ನಡೆದಾಗ, ಆರು ವರ್ಷವಾಗುತ್ತ ಬಂದಿತ್ತು. ನನ್ನ ಕೆಲಸ ಕೇಳುಕೋಣೆಯಲ್ಲಿ. ಊರಿನ ಬಾಗಿಲುಗಳು ಕೇಳಿಸಿಕೊಂಡ ಒಡೆತನದ ಮಾತುಗಳಲ್ಲಿ ಯಂತ್ರಕ್ಕೆ ಸಂಶಯ ಬಂದವು ನನ್ನ ಪರದೆಯ ಮೇಲೆ ಹಳದಿಯಾಗಿ ಮೂಡುತ್ತಿದ್ದವು. ನಾನು ನೋಡಿ ಸರಿಪಡಿಸಬೇಕು. ಮೊದಮೊದಲು ದಿನಕ್ಕೆ ನೂರು ಬರುತ್ತಿದ್ದವು. ಜನ ಭಾಷೆ ಕಲಿತಂತೆ ಹತ್ತಾಯಿತು, ಆಮೇಲೆ ಒಂದೆರಡು. ವೈಯಾಕರಣಿಯ ಅಗತ್ಯ ಊರಿಗೆ ತೀರುತ್ತ ಬಂದಿತ್ತು.

ಪಕ್ಕದ ಮನೆ ಮಾಲನಬಿಯದು. ರಬಕವಿಯ ಕಡೆಯವಳು, ಐವತ್ತರ ಆಸುಪಾಸು, ಗಿಡ್ಡ ಮೈ. ಗಾಳಿಕೊಳವೆಗಳ ಒಳಗೆ ತೂರಿ ಅವನ್ನು ಶುಚಿ ಮಾಡುವುದು ಅವಳ ಕೆಲಸ. ಹುಟ್ಟಿನಿಂದಲೇ ಅವಳ ಬಲಗಾಲು ಸೊರಗಿತ್ತು. ಭೂಮಿಯ ಮೇಲೆ ನಲವತ್ತು ವರ್ಷ ಊರುಗೋಲಿನ ಮೇಲೆ ನಡೆದವಳು. ಇಲ್ಲಿ ಮೈಭಾರ ಆರರಲ್ಲೊಂದು ಪಾಲು, ಅಷ್ಟನ್ನು ಆ ಕಾಲು ತಾಳುತ್ತಿತ್ತು. ಬಂದ ವಾರವೇ ಊರುಗೋಲನ್ನು ವರ್ಕ್‌ಶಾಪಿನ ಗುಜರಿಗೆ ಎಸೆದು ಬಂದಳಂತೆ.

“ನಲವತ್ತು ವರ್ಷ ಆ ಕೋಲು ನನ್ನ ಬಗಲಾಗ ಕುಂತು ಸವಾರಿ ಮಾಡೈತ್ರಿ ಸರ. ಈಗ ನೋಡ್ರಿ, ಎರಡೂ ಕೈಯಾಗ ಸಾಮಾನ ಹಿಡಕೊಂಡು ನಡೀತೀನಿ,” ಎಂದು ಎದುರು ಬಂದವರಿಗೆಲ್ಲ ಹೇಳುತ್ತಿದ್ದಳು. ಮಾತಿಗೆ ತಕ್ಕಂತೆ ಎರಡೂ ಕೈಯಲ್ಲಿ ಸದಾ ಏನಾದರೊಂದು ಇರುತ್ತಿತ್ತು. ಕೂಡುನುಡಿ ಮಾತ್ರ ಅವಳಿಗೆ ಬಾಗಿಲು ತೆರೆಸಿಕೊಳ್ಳುವಷ್ಟೇ ಬರುತ್ತಿತ್ತು.

ಕೊಳವೆಗಳಿಗೆ ಬೂಷ್ಟು ಹಿಡಿದದ್ದು ಆರನೆಯ ವರ್ಷದ ನಡುವಿನಲ್ಲಿ. ಊರಿಗೆ ಊರೇ ಕೆಮ್ಮತೊಡಗಿತು. ಆಡಳಿತ ಹೆದರಿ ಶುದ್ಧೀಕರಣಕ್ಕೆ ಆಜ್ಞೆ ಮಾಡಿತು. ಅಡುಗೆಮನೆಯ ಮೊಸರು, ಪ್ರಯೋಗಾಲಯದ ಸೀಸೆಗಳು, ಹುದುಗು ಬರುವಂಥದ್ದೆಲ್ಲ ಹಬೆಯಲ್ಲಿ ಬೆಂದುಹೋದವು. ಬೂಷ್ಟು ಸತ್ತಿತು. ಹದಿನೈದು ದಿನಕ್ಕೆ ಜನರ ಹೊಟ್ಟೆ ಕೆಟ್ಟಿತು. ನಮ್ಮ ಕರುಳಿನಲ್ಲಿ ಊಟ ಅರಗಿಸುವ ಸೂಕ್ಷ್ಮಜೀವಿಗಳಿಗೆ ಹೊರಗಿನಿಂದ, ಮೊಸರಿನಂಥದ್ದರಿಂದ, ಮರುಪೂರಣ ಬೇಕು. ಕೆಮ್ಮಿನ ಔಷಧಿ ಇದ್ದಬದ್ದದ್ದನ್ನೂ ಕೊಂದಿತ್ತು. ಹಡಗು ಬರಲು ಐದು ತಿಂಗಳಿತ್ತು. ಮಕ್ಕಳು ಸೊರಗಿದರು. ಆಸ್ಪತ್ರೆಯಲ್ಲಿ ಜಾಗ ಸಾಲದೆ ಊಟದ ಹಾಲಿನಲ್ಲಿ ಹಾಸಿಗೆ ಹಾಸಿದರು.

ಆಗ ಒಂದು ಸಂಜೆ ಮಾಲನಬಿ ನಮ್ಮ ಮನೆಗೆ ಬಂದು ನೀಲಾಳ ಕೈಗೆ ಒಂದು ಬಟ್ಟೆಯ ಚೂರು ಇಟ್ಟಳು. ಬೆರಳಗಲ, ಒಣಗಿ ಹಪ್ಪಳದಂತೆ ಗರಿಗರಿಯಾಗಿತ್ತು.

“ಮೊಸರಾಗ ಅದ್ದಿ ಒಣಗಿಸಿದ್ದವ್ವಾ. ಊರಿಂದ ಬರೂಮುಂದ ಕುಪ್ಪಸದ ಮಡಿಕಿಯೊಳಗ ಹೊಲಕೊಂಡು ಬಂದೀನಿ. ಉಗುರು ಬೆಚ್ಚಗಿನ ಹಾಲಾಗ ಹಾಕು, ಹೆಪ್ಪು ಆಕ್ಕೈತಿ.”

“ಶುದ್ಧೀಕರಣದಾಗ ಕೊಡಲಿಲ್ಲೇನಕ್ಕಾ?” ಎಂದಳು ನೀಲಾ.

“ಅವ್ವ ಕೊಟ್ಟದ್ದನ್ನ ಕುದಿಸಾಕ ಕೊಡ್ತಾರೇನ? ಲಗೂನ ತಗೋ, ದೀಪ ಸಣ್ಣ ಮಾಡೂ ಹೊತ್ತಾತು. ಆಮ್ಯಾಲ ಹೆಪ್ಪು ಕೊಡಬಾರದು.”

ಸೂರ್ಯನೇ ಕಾಣದ ಸುರಂಗದಲ್ಲಿ ದೀಪ ಹಚ್ಚುವ ಹೊತ್ತಿನ ಶಾಸ್ತ್ರ! ನಾನು ಕಿಚಾಯಿಸಿದೆ, ಇಬ್ಬರೂ ನನ್ನತ್ತ ನೋಡಿ ನಕ್ಕರು. ಹಾಲಿನ ಪುಡಿ ಕದಡಿ, ಬಟ್ಟೆಚೂರು ಹಾಕಿ, ನೀಲಾ ಅದನ್ನು ಬಿಸಿಗಾಳಿಯ ಕೊಳವೆಯ ಪಕ್ಕ ಮುಚ್ಚಿಟ್ಟಳು. ಮೊದಲ ಸಲ ನೀರುನೀರಾಯಿತು, ಎರಡನೆಯ ಸಲ ಎಳೆಎಳೆ, ಮೂರನೆಯ ಸಲ ಚಾಕುವಿನಿಂದ ಕೊಯ್ಯುವಂಥ ಮೊಸರು. ತಿಂದ ಮೂರನೆಯ ದಿನಕ್ಕೆ ನನ್ನ ಹೊಟ್ಟೆ ಸರಿಯಾಯಿತು. ನೀಲಾ ಎದುರು ಮನೆಯ ಮಗುವಿಗೆ ಕೊಟ್ಟಳು, ಅದೂ ಎದ್ದು ಕೂತಿತು. ಸುದ್ದಿ ಹಬ್ಬಿತು.

ಆಹಾರ ವಿಭಾಗದ ಮುಖ್ಯಸ್ಥೆ ಇಫೋಮಾ ನಮ್ಮ ಮನೆಗೇ ಬಂದಳು. ನಾಲ್ಕು ದಿನ ನಿದ್ದೆಗೆಟ್ಟ ಕಣ್ಣು. ಪಾತ್ರೆಯ ಮುಚ್ಚಳ ತೆರೆದು, ಒಂದು ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿ ನಿಂತಳು. ಆಮೇಲೆ ಕೂಡುನುಡಿಯಲ್ಲಿ ಕೇಳಿದಳು, ಇದು ಯಾರದು? ಕೂಡುನುಡಿಯಲ್ಲಿ ಮೊಸರಿಗೆ ಲೆಸು ಎನ್ನುತ್ತಾರೆ. ‘ಲೆಸುಪು, ಮಾಲನಬಿ’ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನೀಲಾ ನನ್ನ ಮುಖ ನೋಡಿದಳು. ನಮ್ಮ ಕಡೆ ಹೆಪ್ಪು ತಂದ ಮನೆಯ ಹೆಸರನ್ನು ಯಾರೂ ಹೇಳುವುದಿಲ್ಲ. ಹೇಳಿದರೆ ತಿರುಗಿ ಕೊಡಲು ಹೊರಟಂತೆ. ಕೊಟ್ಟವರಿಗೆ ಅದು ಅವಮಾನ. ಮೇಲಾಗಿ ಬಟ್ಟೆ ಬಚ್ಚಿಟ್ಟಿದ್ದು ಅಪರಾಧ, ಹೆಸರು ಹೇಳಿದರೆ ಪಾಪ ಅವಳೇ ಸಿಕ್ಕಿಬೀಳುತ್ತಾಳೆ. ಈ ಎರಡು ಕಾರಣಗಳೂ ನನ್ನ ತಲೆಗೆ ಬಂದದ್ದು ನಿಜ. ಆದರೆ ಬಂದದ್ದು ಮಾತಾಡಿದ ಮೇಲೆ.

“ಲೆಸುತಾ,” ಎಂದೆ. ಮೊಸರು, ನಮ್ಮ ಕೈಯಾರೆ ಮಾಡಿದ್ದು.

ಇಫೋಮಾ ನೀಲಾಳನ್ನು ತಬ್ಬಿಕೊಂಡು ಅತ್ತುಬಿಟ್ಟಳು.

ಮರುದಿನ ಕೇಳುಕೋಣೆಗೆ ಹೋಗಿ ಪರದೆ ತೆರೆದೆ. ಇದ್ದದ್ದು ಒಂದೇ ಒಂದು ಹಳದಿ ಸಾಲು. ನಮ್ಮದೇ ಮನೆಯ ಬಾಗಿಲು ಕೇಳಿಸಿಕೊಂಡದ್ದು. ‘ಲೆಸುತಾ. ಜೀವವಿರುವ ವಸ್ತು. ಯಾವುದರಿಂದ ಬೆಳೆಯಿತೆಂದು ಕೇಳಬೇಕೇ?’ ನಾನೇ ಬರೆದ ಹೆಪ್ಪಿನ ನಿಯಮವನ್ನು ಯಂತ್ರ ನೆನಪಿಟ್ಟುಕೊಂಡಿತ್ತು. ಜೀವವಿರುವ ವಸ್ತುವಿನ ಮೂಲವನ್ನು ಒಂದು ಸಲ, ಒಂದೇ ಸಲ, ಕೇಳುಕೋಣೆ ಕೇಳಬಹುದು. ಎದುರಿಗೆ ಎರಡು ಗುಂಡಿ: ಕೇಳು, ಬೇಡ. ಕೋಣೆಯಲ್ಲಿ ನಾನೊಬ್ಬನೇ. ಸುತ್ತ ನೋಡಿದೆ. ಕದಿಯುವವನು ಮಾತ್ರ ಹಾಗೆ ಸುತ್ತ ನೋಡುತ್ತಾನೆ ಎಂದು ಅನಿಸಿತು. ಆದರೂ ‘ಬೇಡ’ ಒತ್ತಿದೆ. ಸಾಲು ಹಸಿರಾಗಿ ಮೇಲೆ ಸರಿದು ಕಾಣದಾಯಿತು.

ಯಾಕೆ ಹಾಗೆ ಒತ್ತಿದೆ ಎಂಬುದನ್ನೂ ಹೇಳಿಬಿಡುತ್ತೇನೆ. ಮೂರು ವರ್ಷಕ್ಕೊಮ್ಮೆ ಬರುವ ಹಡಗು ಹನ್ನೆರಡು ಜನರನ್ನು ತಂದು ಹನ್ನೆರಡು ಜನರನ್ನು ಒಯ್ಯುತ್ತದೆ. ಯಾರ ಅಗತ್ಯ ಕಡಿಮೆಯೋ ಅವರ ಹೆಸರು ಮರಳುಪಟ್ಟಿಯಲ್ಲಿ ಮೇಲೆ. ಆ ಸಲದ ಕರಡಿನಲ್ಲಿ ನನ್ನದೂ ನೀಲಾಳದೂ ಇದ್ದವು. ಭೂಮಿಯಲ್ಲಿ ನನಗೆ ಕಾದಿದ್ದದ್ದು ಆ ನಿದ್ದೆಯ ತರಗತಿ. ಇಲ್ಲಿ ಮಕ್ಕಳು ಕೂಡ ನನ್ನನ್ನು ‘ಒಡೆತನದ ಅಜ್ಜ’ ಎಂದು ಕರೆಯುತ್ತಿದ್ದರು. ನನಗೆ ಅಲ್ಲಿ ಕಾಯಿಲೆಯಿರಲಿಲ್ಲ, ಬಡತನವಿರಲಿಲ್ಲ. ಯಾರೂ ಕೇಳದವನಾಗಿ ಬದುಕುವ ಹೆದರಿಕೆ, ಅಷ್ಟೇ.

ತಿಂಗಳೊಳಗೆ ಅರವತ್ತು ಮನೆಗೆ ನೀಲಾಳ ಹೆಪ್ಪು ಹೋಯಿತು. ಊಟದ ಹಾಲಿನ ಹಾಸಿಗೆಗಳು ಎದ್ದವು. ಪ್ರತಿ ಮನೆಯಲ್ಲೂ ‘ಲೆಸುಪು, ನೀಲಾಂಬಿಕಾ’, ‘ಲೆಸುಪು, ರಾಚಪ್ಪ’ ಎಂದು ಹದಿನಾರು ಬಗೆಯ ಉಚ್ಚಾರದಲ್ಲಿ ನಮ್ಮ ಹೆಸರು. ಆಡಳಿತ ಖುಷಿಯಲ್ಲಿ, ಶುದ್ಧೀಕರಣದ ವಾರ ಯಾರು ಏನು ಬಚ್ಚಿಟ್ಟಿದ್ದರೂ ಕ್ಷಮಿಸಿದ್ದೇವೆ ಎಂದು ಸಾರಿತು. ನನ್ನ ಒಂದು ಕಾರಣ ಹೀಗೆ ಕೈಬಿಟ್ಟು ಹೋಯಿತು. ಇನ್ನೊಂದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ನೀಲಾಳಿಗೆ ಆಹಾರ ವಿಭಾಗದಲ್ಲಿ ಹೊಸ ಪ್ರಯೋಗಾಲಯ ಕೊಟ್ಟರು. ಅವಳು ಒಂದು ವಾರ ಉಣ್ಣದೆ ಮಲಗಿ, ಎಂಟನೆಯ ದಿನ ಎದ್ದು ಕೆಲಸಕ್ಕೆ ಹೋದಳು. ಪಟ್ಟಿಯಿಂದ ನಮ್ಮಿಬ್ಬರ ಹೆಸರು ತೆಗೆದರು.

ತೆಗೆದ ಎರಡು ಜಾಗಕ್ಕೆ ಕೆಳಗಿನ ಎರಡು ಹೆಸರು ಮೇಲೆ ಬಂದವು. ಒಂದು ಯಾರೋ ಬಡಗಿಯದು. ಇನ್ನೊಂದು ಮಾಲನಬಿಯದು. ಬೂಷ್ಟಿನ ಗಲಾಟೆಯ ನಂತರ ಕೊಳವೆ ತೊಳೆಯಲು ಯಂತ್ರ ತರಿಸುತ್ತಿದ್ದರು.

ಪಟ್ಟಿ ಹಚ್ಚಿದ ಮರುದಿನ ಮಧ್ಯಾಹ್ನ ನಾನು ಊಟಕ್ಕೆ ಕೂತಿದ್ದೆ. ನೀಲಾ ಕೆಲಸಕ್ಕೆ ಹೋಗಿದ್ದಳು.

“ಸರ, ಒಳಗ ಅದೀರೇನ್ರಿ?”

ಮಾಲನಬಿಯ ದನಿ. ಮೊಸರನ್ನದ ಬಟ್ಟಲನ್ನು ನಾನು ಗಬಕ್ಕನೆ ಎತ್ತಿ ಬೆನ್ನ ಹಿಂದಿನ ಕಪಾಟಿನಲ್ಲಿಟ್ಟೆ. ಯಾಕೆ ಹಾಗೆ ಮಾಡಿದೆ ಎಂದು ಈಗಲೂ ನೆನೆದರೆ ಮೈ ಹಿಡಿಯಷ್ಟಾಗುತ್ತದೆ. ಅವಳು ಬಂದು ಬಾಗಿಲ ಬಳಿಯ ಮಣೆಯ ಮೇಲೆ ಕೂತಳು. ಒಂದು ಕೈಯಲ್ಲಿ ಉದ್ದನೆಯ ಬ್ರಷ್. ಕೊಳವೆಯ ತಿರುವಿನಲ್ಲಿ ತಾನೇ ಬಾಗುವಂತೆ, ಹಳೆಯ ಉಡುಪಿನ ನಾರುಗಳಿಂದ ಅವಳೇ ಕಟ್ಟಿಕೊಂಡದ್ದು.

“ಪಟ್ಟಿಯೊಳಗ ನನ್ನ ಹೆಸರು ಬಂದೈತ್ರಿ ಸರ.”

“ನೋಡಿದೆ.”

“ಸಭಾದಾಗ ಎದ್ದು ನಿಂತು ಹೇಳಬೇಕಂತ್ರಿ, ಈ ಊರಿಗೆ ನನ್ನ ಕಡಿಂದ ಏನಾಗೈತಿ ಅಂತ. ಊರಿಗೆ ಬೇಕಾದ್ದು ಏನರ ಒಂದಿದ್ದರ ಇಟ್ಕೋತಾರಂತ. ನನಗೆಲ್ಲಿ ಆ ಭಾಷಾ ಬರತೈತ್ರಿ. ನೀವು ಬರದು ಕೊಟ್ರ ಬಾಯಿಪಾಠ ಮಾಡ್ತೀನಿ.”

“ಏನು ಬರೀಲಿ ಹೇಳ್ರಿ.”

“ನೀವಽ ಹೇಳ್ರಿ ಸರ. ಏನು ಬರೀಬೇಕು? ನಿಮಗ ಗೊತ್ತಿರತೈತಿ.”

ಅವಳಿಗೆ ಅವಸರವಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು. ನನ್ನ ಕಣ್ಣು ಅಲ್ಲಿ ಇಲ್ಲಿ ತಿರುಗಿ ಅವಳ ಕೈಯ ಬ್ರಷ್‌ನ ಮೇಲೆ ನಿಂತಿತು.

“ಈ ಬ್ರಷ್ ಬಾಳ ಚಲೋ ಐತಲ್ಲ,” ಎಂದೆ. “ಇದನ್ನ ಬರೀತೀನಿ. ಕೈಯಾರೆ ಮಾಡಿದ್ದು.”

“ಬ್ರಷ್ ಏನ್ರಿ?”

“ಹೂಂ. ಬ್ರಷ್.”

ಅವಳು ಬ್ರಷ್ ಅನ್ನು ಒಮ್ಮೆ ತಿರುಗಿಸಿ ನೋಡಿದಳು. “ಬರೀರಿ,” ಎಂದಳು.

ಬರೆದೆ. ಆರು ವಾಕ್ಯ. ನನ್ನ ಜೀವನದಲ್ಲಿ ಅಷ್ಟು ಶುದ್ಧವಾದ ಕೂಡುನುಡಿಯನ್ನು ನಾನು ಮತ್ತೆ ಬರೆದಿಲ್ಲ. ಒಂದೊಂದು ಉಚ್ಚಾರವನ್ನೂ ತಿದ್ದಿ ಅವಳಿಗೆ ಹೇಳಿಕೊಟ್ಟೆ. ವರ್ಕ್‌ಶಾಪಿನವರು ಒಂದು ಗಂಟೆಯಲ್ಲಿ ಅಂಥ ಹತ್ತು ಬ್ರಷ್ ಮಾಡಬಲ್ಲರು ಎಂದು ಗೊತ್ತಿದ್ದೂ ಹೇಳಿಕೊಟ್ಟೆ. ಹೋಗುವಾಗ ಅವಳು, ತೊಂದರಿ ಕೊಟ್ನಿ ಸರ, ಎಂದಳು.

ಸಂಜೆ ನೀಲಾ ಬಂದು ವಿಷಯ ತಿಳಿದವಳೇ ಕೈಯಲ್ಲಿದ್ದ ಚೀಲವನ್ನು ನೆಲಕ್ಕೆ ಬಿಟ್ಟಳು.

“ಬ್ರಷ್ ಬರದು ಕೊಟ್ರ್ಯಾ? ಬ್ರಷ್?”

“ನಿಧಾನ ಮಾತಾಡು. ಬಾಗಿಲು ಕೇಳತೈತಿ.”

“ಕೇಳ್ಲಿ! ಕೇಳಬೇಕಂತನ ಮಾತಾಡಾಕ ಹತ್ತೀನಿ. ಆಕಿ ಕಾಲು ಅದು. ಅಲ್ಲಿ ಹೋದ್ರ ಮತ್ತ ಬಗಲಾಗ ಕೋಲು ಇಟ್ಕೋಬೇಕು, ಅದೂ ಈ ವಯಸ್ಸಿನ್ಯಾಗ. ನಮಗೇನಾಕ್ಕೈತಿ? ಗದಗಕ್ಕ ಹೋಗಿ ಮೊದಲಿನಂಗ ಇರತೀವಿ. ನೀವು ಹೇಳ್ತೀರೋ, ನಾ ಹೇಳ್ಲ್ಯೋ?”

“ಸಭಾದಾಗ ನಾನಽ ಹೇಳ್ತೀನಿ. ಅಲ್ಲೇ ಹೇಳೂದು ಸರಿ. ಮೂರು ಸಲ ಕೇಳ್ತಾರ.”

“ಆಣಿ ಮಾಡ್ರಿ.”

ಆಣೆ ಮಾಡಿದೆ. ಆ ಹೊತ್ತಿಗೆ ನಾನು ಹೇಳಿದ್ದು ಸುಳ್ಳಾಗಿರಲಿಲ್ಲ. ಅಂದು ಹೊಟ್ಟೆತುಂಬ ಉಂಡು ನಿದ್ದೆ ಮಾಡಿದೆ. ಹೇಳುತ್ತೇನೆ ಎಂದುಕೊಂಡದ್ದೇ ಹೇಳಿದಷ್ಟು ಸಮಾಧಾನ ಕೊಟ್ಟಿತ್ತು.

ಸಭೆ ಸೇರಿದ್ದು ಊಟದ ಹಾಲಿನಲ್ಲೇ. ನಾನೂರು ಜನ. ಮಾಲನಬಿ ಒಗೆದ ಬಿಳಿ ದುಪಟ್ಟಾ ಹೊದ್ದು, ಕೋಲಿಲ್ಲದೆ, ನಡುವಿನ ದಾರಿಯಲ್ಲಿ ನೆಟ್ಟಗೆ ನಡೆದು ಬಂದಳು. ಆರು ವಾಕ್ಯಗಳನ್ನು ಒಪ್ಪಿಸಿದಳು. ಎಲ್ಲೂ ತಡವರಿಸಲಿಲ್ಲ. ಬ್ರಷ್ ಎತ್ತಿ ತೋರಿಸಿದಳು. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯಲ್ಲೇ ತೀರ್ಮಾನವಿತ್ತು. ಮಗು ಪದ್ಯ ಹೇಳಿದಾಗ ತಟ್ಟುವ ಚಪ್ಪಾಳೆ ಅದು.

ಸಭೆಯ ಹಿರಿಯ ಪದ್ಧತಿಯಂತೆ ಕೇಳಿದ, “ಈಕೆಯಿಂದ ಬಂದದ್ದು ಯಾರ ಬಳಿಯಾದರೂ ಇದೆಯೇ?”

ಈಕೆಯಿಂದ ಬಂದದ್ದು ಆ ಹಾಲಿನಲ್ಲಿ ಕೂತ ನಾನೂರು ಜನರ ಹೊಟ್ಟೆಯಲ್ಲಿತ್ತು. ಅದನ್ನು ತಿಳಿದವರು ಮೂವರು, ಅವರಲ್ಲಿ ಒಬ್ಬಳಿಗೆ ಹೇಳಲು ಭಾಷೆ ಕೊಡದವನು ನಾನು. ಎರಡನೆಯ ಸಲ ಕೇಳಿದ. ನನ್ನ ಎದುರಿನ ಸಾಲಿನಲ್ಲಿ ಇಫೋಮಾ ಕೂತಿದ್ದಳು, ತಿರುಗಿ ನನ್ನನ್ನು ನೋಡಿ ಸ್ನೇಹದಿಂದ ನಕ್ಕಳು. ಆ ನಗು ಅಳಿಸಿಹೋಗುವುದನ್ನು ನೋಡಲು ನನ್ನಿಂದಾಗದು ಎನಿಸಿತು.

ಮೂರನೆಯ ಸಲ ಕೇಳಿದ. ಪಕ್ಕದಲ್ಲಿ ನೀಲಾ ಎದ್ದಳು. ಪೂರ್ತಿ ಎದ್ದಿರಲಿಲ್ಲ, ಮೊಣಕಾಲು ನೆಟ್ಟಗಾಗುತ್ತಿತ್ತು. ನಾನು ಅವಳ ಮುಂಗೈ ಹಿಡಿದು ಕೆಳಕ್ಕೆ ಜಗ್ಗಿದೆ. ಇಲ್ಲಿ ಮೈಗೆ ಭಾರವಿಲ್ಲ, ಸ್ವಲ್ಪ ಜಗ್ಗಿದರೆ ಸಾಕು. ಅವಳು ಕೂತುಬಿಟ್ಟಳು. ಹಿರಿಯ ಗಂಟೆ ಬಾರಿಸಿದ. ಗಂಟೆ ಬಾರಿಸಿದ ಮೇಲೆ ತೀರ್ಮಾನ ಬದಲಾಗದು. ಮಾಲನಬಿ ನಮ್ಮ ಕಡೆ ನೋಡುತ್ತಿದ್ದಳು. ನಾನು ಹಿಡಿದದ್ದನ್ನೂ, ನೀಲಾ ಕೂತದ್ದನ್ನೂ ಅವಳು ನೋಡಿದಳು.

ಅಂದಿನಿಂದ ನೀಲಾ ನನ್ನ ತಟ್ಟೆಗೆ ಮೊಸರು ಬಡಿಸಿಲ್ಲ. ನಾನು ಕೇಳಿಲ್ಲ. ಮಾತು ಬೇಕಾದಷ್ಟೇ. ನೀನಾದರೂ ಆಮೇಲೆ ಹೇಳಬಹುದಿತ್ತಲ್ಲ ಎಂದು ಒಮ್ಮೆ ಅಂದೆ. ಗಂಟೆ ಬಾರಿಸಿದ ಮೇಲೆ ಹೇಳಿ ಏನುಪಯೋಗ ಎಂದು ಇಬ್ಬರಿಗೂ ಗೊತ್ತಿತ್ತು. ಅವಳು ತನ್ನ ಮುಂಗೈ ನೋಡಿಕೊಂಡಳು.

ಹಡಗು ಹೊರಡಲು ಹದಿನೆಂಟು ದಿನವಿತ್ತು. ಕೇಳುಕೋಣೆಯ ಕೆಲಸ ಮುಗಿದ ಮೇಲೆ ದಿನವೂ ವರ್ಕ್‌ಶಾಪಿಗೆ ಹೋದೆ. ಅಲ್ಯೂಮಿನಿಯಂ ಕೊಳವೆ ಕೊಯ್ದು, ಉಜ್ಜಿ, ಬಗಲಿಗೆ ಮೆತ್ತೆ ಕಟ್ಟಿ ಒಂದು ಊರುಗೋಲು ಮಾಡಿದೆ. ಪುಸ್ತಕ ಹಿಡಿದ ಕೈ, ಮೂರು ಸಲ ಕೆಟ್ಟಿತು, ಎರಡು ಬೆರಳು ಸೀಳಿದವು. ಸೀಳಿದಾಗ ಒಂದು ಬಗೆಯ ಹಿತವೆನಿಸಿತು, ಅದಕ್ಕೂ ನಾಚಿಕೊಂಡೆ. ಮಾಲನಬಿಯ ಮನೆಯ ಮುಂದೆ ಅದನ್ನು ಒರಗಿಸಿ, ಬಾಗಿಲು ತಟ್ಟದೆ ಬಂದೆ. ಯಾರು ಮಾಡಿದ್ದೆಂದು ವರ್ಕ್‌ಶಾಪಿನವರು ಹೇಗೂ ಅವಳಿಗೆ ಹೇಳುತ್ತಿದ್ದರು.

ಹೊರಡುವ ದಿನ ಹಡಗಿಗೆ ಹೋಗುವ ದ್ವಾರದ ಹತ್ತಿರ ನಾನೂ ನೀಲಾಳೂ ನಿಂತಿದ್ದೆವು. ಹನ್ನೆರಡು ಜನರಲ್ಲಿ ಮಾಲನಬಿ ಕೊನೆಯವಳು. ಊರುಗೋಲು ಅವಳ ಬಗಲಿನಲ್ಲಿರಲಿಲ್ಲ, ಹೆಗಲ ಮೇಲಿತ್ತು. ಇಲ್ಲಿ ಅದರ ಕೆಲಸವಿಲ್ಲ, ಅಲ್ಲಿ ಇಳಿದ ಮೇಲೆ. ನೀಲಾ ಅವಳನ್ನು ಅಪ್ಪಿಕೊಂಡು ಬಿಕ್ಕಿದಳು. ಮಾಲನಬಿ ಅವಳ ಬೆನ್ನು ತಟ್ಟಿ, “ನೀ ಎದ್ದಿದ್ದೆವ್ವಾ, ನಾ ನೋಡೀನಿ,” ಎಂದಳು. ಆಮೇಲೆ ನನ್ನತ್ತ ತಿರುಗಿದಳು.

“ಸರ, ಒಂದು ಮಾತು. ಅವತ್ತ ನಿಮ್ಮ ಮನಿಗೆ ಬಂದಿದ್ನೆಲ್ಲ, ಬ್ರಷ್ ಬರಸಾಕ ಬಂದಿರಲಿಲ್ರಿ.”

“ಗೊತ್ತು,” ಎಂದೆ. ಅವಳಿಗೆ ನಾನು ಹೇಳಿದ ಮೊದಲ ನಿಜ ಅದು.

“ಗೊತ್ತಿತ್ತೇನ್ರಿ?” ಅವಳು ಊರುಗೋಲನ್ನು ಹೆಗಲ ಮೇಲೆ ಸರಿಪಡಿಸಿಕೊಂಡಳು. “ಹೆಪ್ಪು ಕೊಟ್ಟಾಕಿ ತಾನಾಗಿ ಬಾಯಿ ಬಿಡಬಾರದು, ಅದಕ ನಾ ಸುಮ್ಮನಿದ್ನಿ. ಇಷ್ಟು ಜನದಾಗ ನಿಮಗ ಮರತಿರಬೇಕು ಅಂತ ತಿಳಕೊಂಡು ಇಷ್ಟು ದಿನ ಸಮಾಧಾನ ಮಾಡ್ಕೊಂಡಿದ್ನಿ. ಗೊತ್ತಿತ್ತು ಅಂದ್ರ ಮುಗೀತು ಬಿಡ್ರಿ.”

ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಅವಳು ಕೇಳಲು ನಿಲ್ಲಲಿಲ್ಲ. ನಾಲ್ಕು ಹೆಜ್ಜೆ ನಡೆದು ದ್ವಾರದ ಮುಂದೆ ನಿಂತಳು. ಹೊರಗೆ ಹೋಗುವ ಪ್ರತಿ ಸಾಮಾನಿನ ಬಗ್ಗೆ ದ್ವಾರ ಕೇಳುತ್ತದೆ. ಗಂಟಿನ ಬಗ್ಗೆ ಕೇಳಿತು, ಬ್ರಷ್ ಬಗ್ಗೆ ಕೇಳಿತು, ಹೇಳಿದಳು. ಆಮೇಲೆ ಊರುಗೋಲು. ಕೂಡುನುಡಿಯಲ್ಲಿ ಅದಕ್ಕೆ ದೊಕ ಎನ್ನುತ್ತಾರೆ. ಊರಿನ ಅಲ್ಯೂಮಿನಿಯಂನಿಂದ ಆದದ್ದು, ವಶದಲ್ಲಿರುವ ವಸ್ತುವೆಂದು ‘ಮೊ’ ಹಚ್ಚಿದ್ದರೂ ದ್ವಾರ ಬಿಡುತ್ತಿತ್ತು. ಯಾರ ಹೆಸರನ್ನೂ ಹೇಳಬೇಕಾಗಿರಲಿಲ್ಲ.

ಅವಳು ಊರುಗೋಲನ್ನು ಹೆಗಲಿನಿಂದ ಇಳಿಸಿ ಮುಂದೆ ಹಿಡಿದು, ನಾನು ತಿದ್ದಿಕೊಟ್ಟಿದ್ದ ಉಚ್ಚಾರದಲ್ಲೇ, ಒಂದಕ್ಷರ ಬಿಡದೆ ಹೇಳಿದಳು.

“ದೊಕಪು, ರಾಚಪ್ಪ ತೋರಗಲ್ಲ.”

ದ್ವಾರ ನನ್ನ ಹೆಸರನ್ನು ಒಮ್ಮೆ ತಿರುಗಿ ಹೇಳಿ ತೆರೆದುಕೊಂಡಿತು. ಅವಳು ಒಳಗೆ ಹೋದಳು. ನೀಲಾ ನನ್ನನ್ನು ಕರೆಯದೆ ಮನೆಯ ಕಡೆ ನಡೆದಳು. ನಾನು ಅಲ್ಲೇ ನಿಂತಿದ್ದೆ.